ಮೇವು ಬಿಟ್ಟ ಗಿನಿಪಿಗ್‌ಗೆ ಕ್ರಿಟಿಕಲ್ ಕೇರ್ ಪುಡಿ: ಕರಾವಳಿಯ ಮಳೆಗಾಲದಲ್ಲಿ ಎಷ್ಟು ಉಪಯೋಗ?

ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಅಂದರೆ ಗಿನಿಪಿಗ್, ಮೊಲದಂಥ ಹುಲ್ಲು ತಿನ್ನುವ ಪ್ರಾಣಿ ಮೇವು ಬಿಟ್ಟಾಗ ನೀರಲ್ಲಿ ಕಲಸಿ ಸಿರಿಂಜಿನಿಂದ ತಿನ್ನಿಸುವ ಪುಡಿ. ಮೂಲ ತಿಮೋತಿ ಎಂಬ ಮೇವಿನ ಹುಲ್ಲು. 141 ಗ್ರಾಂ ಪ್ಯಾಕೆಟ್ಟು ಸೋಂಪಿನ ರುಚಿಯಲ್ಲೂ ಬರುತ್ತದೆ, ಸೇಬು-ಬಾಳೆಹಣ್ಣಿನ ರುಚಿಯಲ್ಲೂ ಬರುತ್ತದೆ. ಮಂಗಳೂರು, ಉಡುಪಿಯಲ್ಲಿ ಗಿನಿಪಿಗ್ ಮರಿ ಸಿಕ್ಕಷ್ಟು ಸಲೀಸಾಗಿ ಈ ಪುಡಿ ಕೈಗೆ ಸಿಗುವುದಿಲ್ಲ, ಹೆಚ್ಚಿನವರು ಆನ್‌ಲೈನಿನಲ್ಲೇ ತರಿಸುವುದು. ಹುಷಾರು ತಪ್ಪಿದ ದಿನ ಆರ್ಡರ್ ಹಾಕಿದರೆ ಏನೂ ಪ್ರಯೋಜನ ಇಲ್ಲ. ಅರ್ಧ ದಿನ ಹೊಟ್ಟೆ ಖಾಲಿ ಬಿದ್ದರೆ ಸಾಕು, ಗಿನಿಪಿಗ್‌ನ ಕರುಳು ನಿಧಾನವಾಗತೊಡಗುತ್ತದೆ. ಪಾರ್ಸೆಲ್ ಬರುವವರೆಗೆ ಅದು ಕಾಯುವುದಿಲ್ಲ. ಹಲ್ಲಿನ ತೊಂದರೆ, ಮೂತ್ರಕೋಶದ ಕಲ್ಲು, ಪದೇ ಪದೇ ಬರುವ ಕಫ ಇಂಥದ್ದು ಅಂಟಿಕೊಂಡ ಪ್ರಾಣಿ ಮನೆಯಲ್ಲಿದ್ದರೆ ಒಂದು ಪ್ಯಾಕೆಟ್ ಮೊದಲೇ ಇರಬೇಕು.

ಪುಡಿಯ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಇದರಲ್ಲಿ ನಾರು ಧಾರಾಳ ಇದೆ, ವಿಟಮಿನ್ ಸಿ ಇದೆ. ಗಿನಿಪಿಗ್‌ನ ಮೈ, ನಮ್ಮದರ ಹಾಗೇ, ವಿಟಮಿನ್ ಸಿ ತಯಾರಿಸಿಕೊಳ್ಳುವುದಿಲ್ಲ. ಮೇವು ನಿಂತರೆ ಅದೂ ನಿಂತ ಹಾಗೆ. ಗಂಜಿತಿಳಿ, ರಾಗಿಮಣ್ಣಿ, ಮಕ್ಕಳ ಸೆರೆಲ್ಯಾಕ್ ಕೊಟ್ಟು ನೋಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪ್ರೀತಿಯಿಂದಲೇ ಕೊಡುವುದು, ಆದರೆ ಅದೆಲ್ಲ ಬರೀ ಪಿಷ್ಟ. ನಾರಿಲ್ಲದ ಪಿಷ್ಟ ದೊಡ್ಡಕರುಳಿಗೆ ಇಳಿದರೆ ಅಲ್ಲಿನ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪಿ ಗ್ಯಾಸ್ ತುಂಬುತ್ತದೆ. ಮೊಲದ ಪೆಲೆಟ್ (ಗುಳಿಗೆಯಂಥ ಒಣ ಮೇವು) ನೆನೆಸಿ ಕೊಡುವುದೂ ಪೂರ್ತಿ ಬದಲಿಯಲ್ಲ, ಅದರಲ್ಲಿ ಸಾಮಾನ್ಯವಾಗಿ ವಿಟಮಿನ್ ಸಿ ಸೇರಿಸಿರುವುದಿಲ್ಲ. ಪುಡಿ ಕೈಗೆ ಬರುವವರೆಗೆ ಒಂದೆರಡು ದಿನ ದಾಟಿಸಲು ಗಿನಿಪಿಗ್ ಪೆಲೆಟ್ಟನ್ನೇ ಬಿಸಿನೀರಲ್ಲಿ ನೆನೆಸಿ, ಒಂದು ತುಂಡು ದೊಣ್ಣೆಮೆಣಸು ಸೇರಿಸಿ ಮಿಕ್ಸಿಯಲ್ಲಿ ರುಬ್ಬಬಹುದು.

ಕಲಸುವ ಅಳತೆ ಒಂದು ಚಮಚ ಪುಡಿಗೆ ಎರಡು ಚಮಚ ಉಗುರುಬೆಚ್ಚಗಿನ ನೀರು. ಕಲಸಿದ ತಕ್ಷಣ ನೀರುನೀರಾಗಿ ಕಾಣುತ್ತದೆ. ಐದು ನಿಮಿಷ ಬಿಟ್ಟರೆ ಪುಡಿ ನೀರು ಹೀರಿ ನೀರುದೋಸೆ ಹಿಟ್ಟಿನಿಂದ ಉದ್ದಿನ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಇದು ತಿಳಿಯದೆ ಮೊದಲೇ ಇನ್ನಷ್ಟು ಪುಡಿ ಸುರಿದರೆ ಸಿರಿಂಜಿನೊಳಗೆ ಸಿಮೆಂಟು. ಏನೂ ತಿನ್ನದ ಪ್ರಾಣಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 50ರಿಂದ 80 ಮಿ.ಲೀ. ಕಲಸಿದ ಮೇವು ಬೇಕು. 900 ಗ್ರಾಂ ತೂಗುವ ಗಿನಿಪಿಗ್ ಆದರೆ 45ರಿಂದ 72 ಮಿ.ಲೀ. ಆಯಿತು. ಅದನ್ನು ಐದಾರು ಸಲಕ್ಕೆ ಹಂಚಬೇಕು, ರಾತ್ರಿಯದ್ದೊಂದು ತಪ್ಪಿಸುವ ಹಾಗಿಲ್ಲ. ಈ ಲೆಕ್ಕಕ್ಕೆ 141 ಗ್ರಾಂ ಪ್ಯಾಕೆಟ್ ಒಂದು ವಾರ ಬಂದರೆ ಹೆಚ್ಚು. ಸ್ವಲ್ಪ ಹುಲ್ಲು ತಾನೇ ತಿನ್ನುತ್ತಿದ್ದರೆ ಇದರ ಅರ್ಧ ಸಾಕಾಗುತ್ತದೆ, ಅದನ್ನು ನಿರ್ಧರಿಸುವುದು ತಕ್ಕಡಿ.

ಪುಡಿಯ ದೊಡ್ಡ ಕಿರಿಕಿರಿ ಸಿರಿಂಜಿನಲ್ಲಿ. ನಾರು ದೊರಗು, 1 ಮಿ.ಲೀ. ಸಿರಿಂಜಿನ ಸಣ್ಣ ಮೂತಿಯಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿದ್ದನ್ನು ಜೋರಾಗಿ ಒತ್ತಿದಿರೋ, ಒಮ್ಮೆಗೇ ಫಚ್ಚನೆ ಬಾಯಿಗೆ ನುಗ್ಗಿ ಶ್ವಾಸನಾಳಕ್ಕೆ ಹೋಗುತ್ತದೆ. ಮನೆಯಲ್ಲಿ ಕೊಡುವಾಗ ಆಗುವ ಅನಾಹುತಗಳಲ್ಲಿ ಇದೇ ಕೆಟ್ಟದ್ದು. 1 ಮಿ.ಲೀ. ಸಿರಿಂಜಿನ ಮೂತಿಯನ್ನು ಬ್ಲೇಡಿನಿಂದ ಪೂರ್ತಿ ಕತ್ತರಿಸಿ, ಅಂಚನ್ನು ಉಗುರು ಉಜ್ಜುವ ಅರದಿಂದ ನುಣುಪು ಮಾಡಿ, ಬೆರಳಾಡಿಸಿ ನೋಡಿ ಬಳಸಬೇಕು. ಒಂದೇ ಸಲಕ್ಕೆ ಎಂಟು ಹತ್ತು ಸಿರಿಂಜು ತುಂಬಿಸಿ ಸಾಲಾಗಿ ಇಟ್ಟುಕೊಂಡರೆ ಕೆಲಸ ಬೇಗ. ಸಿರಿಂಜಿನ ಒತ್ತುವ ದಂಡ (ಪ್ಲಂಜರ್) ಬಿಗಿಯಾಯಿತೆಂದು ತೆಂಗಿನೆಣ್ಣೆ ಸವರಬೇಡಿ. ಮೊದಲು ಜಾರುತ್ತದೆ, ಆಮೇಲೆ ರಬ್ಬರ್ ಉಬ್ಬಿ ಇನ್ನೂ ಬಿಗಿಯುತ್ತದೆ. ಸಿರಿಂಜೇನು ದುಬಾರಿಯಲ್ಲ, ಬದಲಾಯಿಸಿ.

ಗಿನಿಪಿಗ್ಗನ್ನು ಟವೆಲಿನಲ್ಲಿ ಸುತ್ತಿ, ಮುಂಗಾಲು ಒಳಗೆ ಸೇರಿಸಿ, ನಾಲ್ಕು ಕಾಲಿನ ಮೇಲೆ ಕೂತ ಭಂಗಿಯಲ್ಲೇ ಮಡಿಲಲ್ಲಿಟ್ಟುಕೊಳ್ಳಬೇಕು. ಮಗುವಿನ ಹಾಗೆ ಅಂಗಾತ ಹಿಡಿಯುವುದು ಬೇಡವೇ ಬೇಡ. ಮುಂದಿನ ಬಾಚಿಹಲ್ಲಿಗೂ ಹಿಂದಿನ ದವಡೆಹಲ್ಲಿಗೂ ನಡುವೆ ಖಾಲಿ ಜಾಗ ಇದೆ. ಸಿರಿಂಜನ್ನು ಬಾಯಿಯ ಪಕ್ಕದಿಂದ ಅಲ್ಲಿಗೆ ತೂರಿಸಿ ಅರ್ಧ ಮಿ.ಲೀ. ಬಿಟ್ಟು ನಿಲ್ಲಿಸಿ. ದವಡೆ ಆಡಬೇಕು, ನುಂಗಬೇಕು, ಆಮೇಲೆ ಮುಂದಿನದು. ಜಗಿಯದೆ ಬಾಯಲ್ಲೇ ಇಟ್ಟುಕೊಂಡರೆ, ತುಟಿಯಂಚಿನಿಂದ ಹಸಿರು ನೀರು ಇಳಿದರೆ ಪುಡಿಯನ್ನು ದೂರಬೇಡಿ. ಕೆಳಗಿನ ದವಡೆಹಲ್ಲು ಒಳಕ್ಕೆ ಬಾಗಿ ಬೆಳೆದು ನಾಲಿಗೆಯ ಮೇಲೆ ಕಮಾನು ಕಟ್ಟಿರಬಹುದು. ಅದನ್ನು ಅರಿವಳಿಕೆ ಕೊಟ್ಟು ಸರಿಪಡಿಸುವುದು ವೈದ್ಯರ ಕೆಲಸ.

ಹೊಟ್ಟೆ ಚೆಂಡೆಯ ಹಾಗೆ ಬಿಗಿದಿದ್ದರೆ, ಮೈ ತಣ್ಣಗಾಗಿದ್ದರೆ, ಉಸಿರಾಟ ಎಳೆದೆಳೆದು ಬರುತ್ತಿದ್ದರೆ ಸಿರಿಂಜ್ ಮುಟ್ಟಬೇಡಿ. ಉಬ್ಬಿದ ಹೊಟ್ಟೆಗೆ ಮೇವು ತುಂಬಿಸಿದರೆ ಸಾವನ್ನು ಕರೆದ ಹಾಗೆ. ಮೊದಲು ಎಕ್ಸ್‌ರೇ ಆಗಲಿ. ಇನ್ನೊಂದು ಮಾತು, ಪುಡಿಗೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕಾದ್ದು: ಮೆಡಿಕಲ್ ಶಾಪಿನಲ್ಲಿ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಗಿನಿಪಿಗ್‌ಗೆ ವಿಷ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಬಿದ್ದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಮೇಲೆದ್ದು ಕೆಲವೇ ದಿನದಲ್ಲಿ ಪ್ರಾಣ ಹೋಗುತ್ತದೆ. ನಾಯಿ ಬೆಕ್ಕು ಮಾತ್ರ ನೋಡುವ ಕ್ಲಿನಿಕ್ಕಿಗೆ ಹೋದಾಗ ಇದನ್ನು ಕೇಳಿ ಖಚಿತಪಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಈ ಪುಡಿಗೆ ಆಗದ ಕೆಲಸ ಹಲ್ಲು ಸವೆಸುವುದು. ಗಿನಿಪಿಗ್‌ನ ಎಲ್ಲ ಹಲ್ಲೂ ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತವೆ, ಸವೆಯುವುದು ಹುಲ್ಲನ್ನು ಅಡ್ಡಡ್ಡ ಅರೆದಾಗ. ತಿಂಗಳುಗಟ್ಟಲೆ ಪುಡಿಯ ಮೇಲೇ ಬದುಕಿದ ಪ್ರಾಣಿಗೆ ಹಲ್ಲಿನ ತೊಂದರೆ ಇಲ್ಲದಿದ್ದರೂ ಬರುತ್ತದೆ. ಹಾಗಾಗಿ ಪಕ್ಕದಲ್ಲಿ ಹುಲ್ಲು ಸದಾ ಇರಬೇಕು. ಊರಲ್ಲಿ ಗರಿಕೆ ಹುಲ್ಲಿಗೆ ಬರವಿಲ್ಲ, ಗಿನಿಪಿಗ್ ಖುಷಿಯಿಂದಲೇ ತಿನ್ನುತ್ತದೆ. ಆದರೆ ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಮದ್ದು ಬಿಟ್ಟ ತೋಟದ ಹುಲ್ಲು ತರಬೇಡಿ. ಬೋರ್ಡೋ ದ್ರಾವಣದ ಮೈಲುತುತ್ತು ಮರದಿಂದ ತೊಟ್ಟಿಕ್ಕಿ ಬುಡದ ಹುಲ್ಲಿಗೇ ಬೀಳುವುದು. ಬೇರೆ ಕಡೆಯದ್ದಾದರೂ ಇಲಿ ಓಡಾಡುವ ಜಾಗ ಬಿಟ್ಟು ಕೊಯ್ದು, ತೊಳೆದು, ಫ್ಯಾನಿನ ಕೆಳಗೆ ಆರಿಸಿ ಕೊಡಿ. ಬೈಹುಲ್ಲು ಹಾಸಲು ಆದೀತು, ಊಟಕ್ಕಲ್ಲ.

ಮೂತ್ರಕೋಶದ ಕಲ್ಲಿನ ತೊಂದರೆ ಇರುವ ಪ್ರಾಣಿಗೆ ಸ್ವಲ್ಪ ಬೇರೆ ಲೆಕ್ಕ. ಪುಡಿಯನ್ನು ಇನ್ನಷ್ಟು ತೆಳ್ಳಗೆ ಕಲಸಿದರೆ ನೀರು ಹೆಚ್ಚು ಹೋಗುತ್ತದೆ, ಅದೇ ಲಾಭ. ಅಡುಗೆಮನೆಯ ಹರಿವೆ, ಬಸಳೆ, ನುಗ್ಗೆಸೊಪ್ಪನ್ನು ಮಾತ್ರ ದೂರ ಇಡಿ. ವಿಟಮಿನ್ ಸಿ ಬೇರೆ ಕೊಡುವುದಿದ್ದರೆ 500 ಮಿ.ಗ್ರಾಂನ ಸಾದಾ ಮಾತ್ರೆ ಪುಡಿಮಾಡಿ 10 ಮಿ.ಲೀ. ನೀರಿಗೆ ಹಾಕಿ. ಅರ್ಧ ಮಿ.ಲೀ.ಯಲ್ಲಿ 25 ಮಿ.ಗ್ರಾಂ, ಒಂದು ದಿನಕ್ಕೆ ಅಷ್ಟು ಸಾಕು. ಉಳಿದದ್ದನ್ನು ಚೆಲ್ಲಿ, ಮರುದಿನ ಹೊಸದು. ಕುಡಿಯುವ ನೀರಿನ ಬಾಟಲಿಗೆ ಹಾಕಿದರೆ ಬೆಳಕಿಗೆ ಸತ್ವ ಹೋಗುತ್ತದೆ, ಎಷ್ಟು ಕುಡಿಯಿತೆಂಬ ಲೆಕ್ಕವೂ ಸಿಗುವುದಿಲ್ಲ. ಕಿತ್ತಳೆ ರುಚಿಯ ಜಗಿಯುವ ಮಾತ್ರೆಯಲ್ಲಿ ಸಕ್ಕರೆ ಇರುತ್ತದೆ, ಅದು ಬೇಡ.

ಇನ್ನು ತಕ್ಕಡಿ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಲ್ಲದೆ ಈ ಪುಡಿ ಕೊಳ್ಳುವುದು ಅರ್ಧ ದುಡ್ಡು ದಂಡ. ದಿನಾ ಒಂದೇ ಹೊತ್ತಿಗೆ, ಮೇವು ಕೊಡುವ ಮೊದಲು ತೂಗಿ ಕ್ಯಾಲೆಂಡರಿನಲ್ಲೇ ಬರೆದಿಡಿ. ಮೂವತ್ತು ಗ್ರಾಂ ಹೆಚ್ಚುಕಮ್ಮಿ ಮೂತ್ರ, ಹಿಕ್ಕೆಯ ಲೆಕ್ಕ. ಐವತ್ತು ಇಳಿದರೆ ಸಿರಿಂಜ್ ಹೊರಗೆ ಬರಲಿ, ನೂರು ಇಳಿದರೆ ಅದೇ ದಿನ ಡಾಕ್ಟರ್. ಹಿಕ್ಕೆ ಸಣ್ಣದಾಗಿ ಒಣಗಿ ಮಣಿಯಂತಾದರೆ ತೂಕ ಇಳಿಯುವ ಮೊದಲೇ ಸುಳಿವು ಸಿಕ್ಕಿದಂತೆ.

ಪ್ಯಾಕೆಟ್ಟಿನ ಜಿಪ್ಪನ್ನು ನಂಬಿದರೆ ಜೂನ್-ಜುಲೈಯಲ್ಲಿ ಕೆಲಸ ಕೆಡುತ್ತದೆ. ಅಲ್ಮೇರಾದಲ್ಲಿಟ್ಟ ಚಪ್ಪಲಿಗೇ ಬೂಸು ಹಿಡಿಯುವ ಊರು ಮಾರಾಯ್ರೆ ಇದು. ತೆರೆದ ದಿನವೇ ಪುಡಿಯನ್ನು ಸಣ್ಣ ಗಾಳಿಯಾಡದ ಡಬ್ಬಿಗಳಿಗೆ ಹಂಚಿ ಫ್ರಿಜ್ಜಿನಲ್ಲಿಡಿ. ಡಬ್ಬಿ ಹೊರತೆಗೆದು ರೂಮಿನ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಒಳಗೆ ಬೆವರು ಕಟ್ಟುತ್ತದೆ. ಗಂಟು ಕಟ್ಟಿದ, ಹಳೇ ಗೋಣಿಯ ವಾಸನೆ ಬಂದ ಪುಡಿಯನ್ನು ಬಿಸಿಲಿಗೆ ಹಾಕಿ ಉಳಿಸುವ ಆಸೆ ಬೇಡ. ಕಲಸಿದ್ದು ಫ್ರಿಜ್ಜಿನಲ್ಲಿ 24 ಗಂಟೆ ಮಾತ್ರ. ಮೆಸ್ಕಾಂ ಕರೆಂಟ್ ರಾತ್ರಿಯಿಡೀ ಹೋಗುವ ದಿನಗಳಲ್ಲಿ ಒಂದು ಹೊತ್ತಿಗೆ ಬೇಕಾದಷ್ಟೇ ಕಲಸಿ. ಬೆಚ್ಚಗಿನ ನೀರಿಗೆ ಫ್ಲಾಸ್ಕ್ ಇದ್ದರೆ ರಾತ್ರಿ ಎರಡು ಗಂಟೆಗೆ ಒಲೆ ಹಚ್ಚುವ ಕೆಲಸ ತಪ್ಪುತ್ತದೆ.

ತಿನ್ನಿಸಿದ ಮೇಲೆ ಗಲ್ಲದ ಕೆಳಗೆ ನೋಡುವುದನ್ನು ಮರೆಯಬೇಡಿ. ಅಲ್ಲಿ ಅಂಟಿದ ಮೇವು ಒಣಗಿ ಚಕ್ಕೆಯಾಗುತ್ತದೆ, ಒಳಗಿನ ಚರ್ಮ ಒದ್ದೆಯಾಗೇ ಇರುತ್ತದೆ. ಈ ಹವೆಯಲ್ಲಿ ಹುಳುಕಡ್ಡಿಗೆ ಅಷ್ಟೇ ಸಾಕು, ಅದು ನಿಮ್ಮ ಕೈಗೂ ದಾಟುತ್ತದೆ. ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಕೂದಲ ಬುಡದವರೆಗೆ ಒಣಗಿಸಿ, ಆಮೇಲೆ ಗೂಡಿಗೆ ಬಿಡಿ.