ಕಾಡಿನಲ್ಲಿ ಜಿಯೋಕ್ಯಾಶಿಂಗ್: ಫೋನ್ ಸಾಕಾ, ಜಿಪಿಎಸ್ ಯಂತ್ರ ಬೇಕಾ?

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟವೇ ಜಿಯೋಕ್ಯಾಶಿಂಗ್. ಬಯಲಿನಲ್ಲಾದರೆ ಫೋನಾ, ಯಂತ್ರವಾ ಎಂಬ ಪ್ರಶ್ನೆಯೇ ಬೇಡ. ಆಕಾಶ ತೆರೆದಿದ್ದರೆ ಫೋನ್ ಕೂಡ ಸುಮಾರು 5 ಮೀಟರ್ ಒಳಗೆ ಜಾಗ ತೋರಿಸುತ್ತದೆ. ಗೋಳು ಶುರುವಾಗುವುದು ಮರಗಳ ಕೆಳಗೆ. 2000ರ ಮೇ 3ರಂದು ಈ ಆಟದ ಮೊದಲ ಡಬ್ಬಿ ಇಟ್ಟ ಅಮೆರಿಕದ ಒರೆಗಾನ್‌ನಲ್ಲೇ ನೋಡಿ, ಡಗ್ಲಸ್ ಫರ್ ಕಾಡು ಹೊಕ್ಕರೆ ಬಾಣದ ಗುರುತು ಸುಮ್ನೆ ಕುಣಿಯುತ್ತದೆ. ಒದ್ದೆ ಎಲೆಗಳು ಸಿಗ್ನಲ್ ಹೀರುತ್ತವೆ. ಕಾಂಡಕ್ಕೆ ಬಡಿದು ತಡವಾಗಿ ಬಂದದ್ದು ಲೆಕ್ಕ ತಪ್ಪಿಸುತ್ತದೆ.

ಗಾರ್ಮಿನ್ ಜಿಪಿಎಸ್‌ಮ್ಯಾಪ್ 67ರಂಥ ಯಂತ್ರಕ್ಕೆ ಮೇಲೆ ಚಾಚಿದ ದಪ್ಪ ಆಂಟೆನಾ ಇದೆ. ಉಪಗ್ರಹಗಳು ಸಿಗ್ನಲ್ ಕಳಿಸುವ ಎಲ್1, ಎಲ್5 ಎಂಬ ಎರಡೂ ಬ್ಯಾಂಡ್ (ರೇಡಿಯೋ ಆವರ್ತನ) ಹಿಡಿಯುತ್ತದೆ. ಎಲ್5 ಇದ್ದರೆ ಬಡಿದು ಬಂದ ಸಿಗ್ನಲ್ ಬೇರ್ಪಡಿಸುವುದು ಸುಲಭ. ಆದರೆ ಈಗ ಎಷ್ಟೋ ಫೋನುಗಳಲ್ಲೂ ಎಲ್5 ಇದೆ. ಹಾಗಾಗಿ ಅಗ್ಗಕ್ಕೆ ಸಿಕ್ಕಿತೆಂದು ಎಲ್1 ಮಾತ್ರ ಹಿಡಿಯುವ ಹಳೆಯ ಯಂತ್ರ ಕೊಳ್ಳಬೇಡಿ, ದುಡ್ಡು ದಂಡ.

ಮಳೆ, ಬ್ಯಾಟರಿ ವಿಷಯದಲ್ಲಿ ಯಂತ್ರವೇ ಮುಂದು. ಸುಳಿವು, ಉಪಗ್ರಹ ಚಿತ್ರ ನೋಡಲು ಫೋನೇ ಆರಾಮ.

ಡಬ್ಬಿ ಹುಡುಕುವುದಷ್ಟೇ ಆದರೆ ನಾನು ಫೋನ್ ಸಾಕು ಅನ್ನುತ್ತೇನೆ. ಕೊನೆಯ 10 ಮೀಟರ್ ಹೇಗೂ ಕಣ್ಣಿನದೇ ಕೆಲಸ, ಅಲ್ವಾ? ನೀವೇ ಡಬ್ಬಿ ಇಡುವವರಾದರೆ ಯಂತ್ರ ತೆಗೆದುಕೊಳ್ಳಿ. ಅದರಲ್ಲಿ ಒಂದೇ ಜಾಗವನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವ ಸೌಲಭ್ಯವಿದೆ. ಒಮ್ಮೆ ಅಳೆದು, ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಷ್ಟರಲ್ಲಿ ಉಪಗ್ರಹಗಳು ಜಾಗ ಬದಲಿಸಿರುತ್ತವೆ.