ಬ್ಲೇಡ್ ಬಾಚಣಿಗೆ: ಭಾರ ಇಳಿಸಲು ಸರಿ, ಕಟಿಂಗಿಗೆ ಬೇಡ

ಫ್ಯಾನ್ಸಿ ಸ್ಟೋರುಗಳಲ್ಲಿ ಹೇರ್ ಕ್ಲಿಪ್ಪು, ರಬ್ಬರ್ ಬ್ಯಾಂಡುಗಳ ಪಕ್ಕ ರಟ್ಟಿಗೆ ಸಿಕ್ಕಿಸಿ ನೇತುಹಾಕಿರುತ್ತಾರಲ್ಲ, ಎರಡು ಬದಿ ಹಲ್ಲಿರುವ, ಒಳಗೆ ಬ್ಲೇಡು ಅಡಗಿಸಿಕೊಂಡ ಪ್ಲಾಸ್ಟಿಕ್ ಬಾಚಣಿಗೆ, ಅದರ ಮಾತು ಇದು. ರೇಜರ್ ಕೋಂಬ್ ಅಂದರೂ ಕೊಡುತ್ತಾರೆ, ಬ್ಲೇಡ್ ಬಾಚಣಿಗೆ ಅಂದರೂ ಕೊಡುತ್ತಾರೆ. ಬೆಲೆ ಸುಮಾರು 50ರಿಂದ 150 ರೂಪಾಯಿ. ‘ಮನೆಯಲ್ಲೇ ಹೇರ್‌ಕಟ್’ ಅನ್ನುವ ಭರವಸೆಯೊಂದಿಗೆ ಮಾರಾಟವಾಗುವ ಈ ಸಾಮಾನಿನಿಂದ ಕಟಿಂಗ್ ಮಾತ್ರ ಆಗುವುದಿಲ್ಲ. ದಟ್ಟವಾದ ನೇರ ಕೂದಲಿನ ಭಾರ ಇಳಿಸುವುದು, ಒಂದು ಕಟಿಂಗಿಗೂ ಇನ್ನೊಂದು ಕಟಿಂಗಿಗೂ ನಡುವೆ ಕಿವಿಯ ಮೇಲೆ, ಕತ್ತಿನ ಹಿಂದೆ ಉಬ್ಬಿಕೊಂಡದ್ದನ್ನು ಕೂರಿಸುವುದು, ಇಷ್ಟು ಆಗುತ್ತದೆ. ಅಷ್ಟಕ್ಕೆ ಕೊಂಡರೆ ದುಡ್ಡಿಗೆ ಮೋಸವಿಲ್ಲ.

ರಚನೆ ಸರಳ. ಎರಡು ಪ್ಲಾಸ್ಟಿಕ್ ಹೋಳು, ನಡುವೆ ಮಾಮೂಲಿ ಶೇವಿಂಗ್ ಬ್ಲೇಡು. ಎರಡೂ ಅಂಚು ಹರಿತವಿರುವ, 43 ಮಿ.ಮೀ. ಉದ್ದ, 22 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪದ ಅದೇ ಬ್ಲೇಡು. ಬ್ಲೇಡಿನ ನಡುವಿನ ಸೀಳು ಒಳಗಿನ ಪುಟ್ಟ ಗೂಟಗಳ ಮೇಲೆ ಕೂರುತ್ತದೆ, ಮೇಲಿಂದ ಸ್ಕ್ರೂ ಅಥವಾ ಲಾಕ್ ಬೀಳುತ್ತದೆ. ಯಾವ ಬದಿ ಟ್ರಿಮ್ಮಿಂಗಿಗೆ (ಉದ್ದ ಕತ್ತರಿಸಲು), ಯಾವ ಬದಿ ಥಿನ್ನಿಂಗಿಗೆ (ದಟ್ಟಣೆ ಇಳಿಸಿ ತೆಳು ಮಾಡಲು) ಅನ್ನುವುದರಲ್ಲಿ ಎಲ್ಲ ಬಾಚಣಿಗೆಗಳೂ ಒಂದೇ ಥರ ಇರುವುದಿಲ್ಲ. ಹಲ್ಲು ವಿರಳವೋ ಒತ್ತೋ ಎಂದು ನೋಡಿ ನಿರ್ಧರಿಸುವುದಕ್ಕಿಂತ ಬೆಳಕಿಗೆ ಹಿಡಿದು ನೋಡುವುದು ಮೇಲು. ಬ್ಲೇಡಿನ ಅಂಚು ಹಲ್ಲಿನ ತುದಿಗೆ ಯಾವ ಬದಿ ಹತ್ತಿರವಿದೆಯೋ, ಯಾವ ಬದಿ ಹಲ್ಲಿನ ಸಂದಿಯಲ್ಲಿ ಹೆಚ್ಚು ಉಕ್ಕು ಕಾಣುತ್ತದೆಯೋ, ಆ ಬದಿ ಹೆಚ್ಚು ಕತ್ತರಿಸುತ್ತದೆ. ಅಂಚು ಒಳಗೆ ಹುದುಗಿ, ನಡುನಡುವೆ ಪ್ಲಾಸ್ಟಿಕ್ ಮರೆ ಇರುವ ಬದಿ ಥಿನ್ನಿಂಗಿನದು. ಮೊದಲ ಸಲ ಹಿಡಿಯುವವರು ಈ ಎರಡನೆಯ ಬದಿಯನ್ನಷ್ಟೇ ಬಳಸಬೇಕು.

ಇದು ಹೆಸರು ನೋಡಿ ಕೊಳ್ಳುವ ಸಾಮಾನಲ್ಲ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಸಾಮಾನು. ಎರಡು ಹೋಳು ಮುಚ್ಚಿದಾಗ ಸಂದಿ ಉಳಿಯಬಾರದು, ಉಳಿದರೆ ಕೂದಲು ಆ ಸಂದಿಗೆ ಸಿಕ್ಕಿ ಕೀಳುತ್ತದೆ. ಹಲ್ಲಿನ ಮೇಲೆ ಬೆರಳಾಡಿಸಿದಾಗ (ತುದಿಯ ಮೇಲೆ ಮಾತ್ರ, ಸಂದಿಯಲ್ಲಲ್ಲ) ಅಚ್ಚಿನಿಂದ ಉಳಿದ ಪ್ಲಾಸ್ಟಿಕ್ ಮುಳ್ಳು ತಾಗಬಾರದು. ಬಾಚಣಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಬ್ಲೇಡು ಕಿಟಿಕಿಟಿ ಅಂದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಸ್ಕ್ರೂ ಇರುವುದಾದರೆ ಲೋಹದ ತಿರುಪಿನದೇ ಆಗಲಿ, ಪ್ಲಾಸ್ಟಿಕ್ ತಿರುಪು ಹತ್ತು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸವೆದು ಸಡಿಲವಾಗುತ್ತದೆ. ಬ್ಲೇಡು ಬದಲಿಸಲಾಗದ, ಪೂರ್ತಿ ಅಂಟಿಸಿದ ಮಾದರಿಗಳೂ ಇವೆ. ಅವು ಮೊಂಡಾದ ಮೇಲೂ ಎಸೆಯಲು ಮನಸ್ಸಾಗದೆ ಉಳಿದುಕೊಳ್ಳುತ್ತವೆ, ಹಾಗಾಗಿ ಬೇಡ.

ಜೊತೆಗೆ ಬರುವ ಬ್ಲೇಡನ್ನು ಮೊದಲ ದಿನವೇ ತೆಗೆದುಬಿಡಿ. ಈ ಬಾಚಣಿಗೆಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಅರ್ಧ ಆ ಬ್ಲೇಡಿನದು. ಅಂಗಡಿಯಲ್ಲಿ ಸಿಗುವ ಸೆವೆನ್ ಓ ಕ್ಲಾಕ್, ಟೋಪಾಜ್ ಥರದ ಯಾವುದೇ ಸ್ಟೇನ್‌ಲೆಸ್ ಬ್ಲೇಡು ಸಾಕು. ಹೊಸ ಬ್ಲೇಡನ್ನು ಹರಿತವಿಲ್ಲದ ಎರಡು ಗಿಡ್ಡ ತುದಿಗಳಲ್ಲಿ ಹಿಡಿದು ಗೂಟಗಳ ಮೇಲೆ ಕೂರಿಸಿ, ಹೋಳು ಮುಚ್ಚಿ, ಸ್ಕ್ರೂವನ್ನು ಬೆರಳಿನ ಬಲಕ್ಕೆ ನಿಲ್ಲುವಷ್ಟೇ ತಿರುಗಿಸಿ. ಸ್ಕ್ರೂಡ್ರೈವರ್ ತಂದು ಬಿಗಿದರೆ ಪ್ಲಾಸ್ಟಿಕ್ ಬಾಗುತ್ತದೆ, ಅದರೊಟ್ಟಿಗೆ ಬ್ಲೇಡೂ ಬಾಗುತ್ತದೆ, ಆಮೇಲೆ ಒಂದು ತುದಿ ಆಳಕ್ಕೆ ಇಳಿದು ಇನ್ನೊಂದು ತುದಿ ಕೂದಲನ್ನು ಮುಟ್ಟುವುದೇ ಇಲ್ಲ. ಮುಚ್ಚಿದ ಮೇಲೆ ಮತ್ತೊಮ್ಮೆ ಬೆಳಕಿಗೆ ಹಿಡಿಯಿರಿ. ಬ್ಲೇಡಿನ ಅಂಚು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹಲ್ಲಿನ ಸಾಲಿಗೆ ಸಮಾನಾಂತರವಾಗಿರಬೇಕು. ಕೆಲವು ಮಾದರಿಗಳಿಗೆ ಅರ್ಧ ಬ್ಲೇಡು ಬೇಕು. ಕಟಿಂಗ್ ಶಾಪಿನವರು ಮುರಿಯುವಂತೆ, ಕಾಗದದ ಹೊದಿಕೆ ಬಿಚ್ಚದೆಯೇ ಉದ್ದಕ್ಕೆ ಮಡಿಸಿದರೆ ಟಕ್ಕೆಂದು ಎರಡಾಗುತ್ತದೆ. ಕಾಗದ ಬಿಚ್ಚಿ ಮುರಿಯುವ ಸಾಹಸ ಬೇಡ, ಚೂರು ಕಣ್ಣಿಗೆ ಹಾರೀತು.

ಒಂದು ಅಂಚು ಎರಡು-ಮೂರು ಥಿನ್ನಿಂಗಿಗೆ ಬಂದರೆ ಹೆಚ್ಚು. ಗಡ್ಡಕ್ಕೆ ವಾರ ಬರುವ ಬ್ಲೇಡು ತಲೆಗೂದಲಿಗೆ ಇಷ್ಟು ಬೇಗ ಹೋಗುವುದಕ್ಕೆ ಕಾರಣವಿದೆ. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು, ಆದರೂ ಉಕ್ಕಿನ ಅಂಚನ್ನು ಚಕ್ಕೆ ಎಬ್ಬಿಸಬಲ್ಲದು. ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಶೇವಿಂಗ್ ಬ್ಲೇಡುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ 2020ರಲ್ಲಿ ಇದನ್ನು ತೋರಿಸಿದರು. ಕೂದಲು ಬ್ಲೇಡಿಗೆ ನೆಟ್ಟಗೆ ಸಿಗದೆ ಓರೆಯಾಗಿ ಬಾಗಿದಾಗ, ಉಕ್ಕಿನ ಕಣರಚನೆ ಏಕರೂಪವಿಲ್ಲದ ಜಾಗದಲ್ಲಿ ಅಂಚು ಸಿಡಿಯುತ್ತದೆ. ಬಾಚಣಿಗೆಯೊಳಗೆ ಕೂದಲು ಬಾಗದೆ ಸಿಗುವುದೇ ಅಪರೂಪ. ಬ್ಲೇಡಿನ ಸ್ಥಿತಿಯನ್ನು ಕಿವಿಯೇ ಹೇಳುತ್ತದೆ: ಹರಿತವಿದ್ದರೆ ಸರ್ ಎಂದು ಹೋಗುತ್ತದೆ, ಮೊಂಡಾದರೆ ಕರಕರ ಅನ್ನುತ್ತಾ ಬುಡ ಎಳೆಯುತ್ತದೆ. ಕರಕರ ಕೇಳಿದ ಮೇಲೂ ಮುಂದುವರಿಸಿದರೆ ಕೂದಲಿನ ಹೊರಪದರ ಸುಲಿದು, ಕೆಲವೇ ದಿನಗಳಲ್ಲಿ ತುದಿ ಸೀಳಲು ತೊಡಗುತ್ತದೆ. ಐದು ಬ್ಲೇಡಿನ ಪೊಟ್ಟಣದ ಬೆಲೆಗೆ ಒಂದು ಹೊಟೇಲ್ ಕಾಫಿ ಬರುತ್ತದೆ. ಇಲ್ಲಿ ಉಳಿತಾಯ ಮಾಡಬೇಡಿ.

ಕೂದಲಿಗೆ ಎಣ್ಣೆ ಇದ್ದರೆ ಆ ದಿನ ಈ ಕೆಲಸ ಬೇಡ. ಎಣ್ಣೆಗೂದಲು ಎಳೆಎಳೆಯಾಗಿ ನಿಲ್ಲದೆ ಗುಂಪುಗುಂಪಾಗಿ ಅಂಟಿಕೊಳ್ಳುತ್ತದೆ, ಬ್ಲೇಡು ಆ ಗುಂಪನ್ನೇ ಒಟ್ಟಿಗೆ ತೆಗೆಯುತ್ತದೆ. ಶಾಂಪೂ ಹಾಕಿ ತೊಳೆದು, ಟವೆಲಿನಲ್ಲಿ ಒತ್ತಿ, ಹನಿ ತೊಟ್ಟಿಕ್ಕದ ಆದರೆ ಮುಟ್ಟಿದರೆ ತಂಪೆನಿಸುವ ಹದಕ್ಕೆ ತನ್ನಿ. ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಪೂರ್ತಿ ಒಣಗಿದ್ದರೆ ಬ್ಲೇಡು ತಡೆದು ತಡೆದು ಎಳೆಯುತ್ತದೆ. ತೀರಾ ನೆನೆದಿದ್ದರೆ ಇನ್ನೊಂದು ಕಷ್ಟ: ಒದ್ದೆ ಕೂದಲು ಹಿಗ್ಗಿ ಉದ್ದ ಕಾಣುತ್ತದೆ, ನೆತ್ತಿಗೆ ಅಂಟಿ ತೆಳ್ಳಗೂ ಕಾಣುತ್ತದೆ, ಎಷ್ಟು ತೆಗೆದಿದ್ದೀರಿ ಎಂದು ಗೊತ್ತಾಗುವುದು ಒಣಗಿದ ಮೇಲೆಯೇ. ಮೊದಲು ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಪೂರ್ತಿ ಬಿಡಿಸಿ. ಸಿಕ್ಕಿನ ಮೇಲೆ ಬ್ಲೇಡು ಹೋದರೆ ಅಲ್ಲೊಂದು ಗುಳಿ ಖಂಡಿತ. ಕನ್ನಡಿ ಎರಡು ಬೇಕು, ಹಿಂದಿನದನ್ನು ಇನ್ನೊಬ್ಬರು ಹಿಡಿದರೆ ಇನ್ನೂ ವಾಸಿ. ನೆಲಕ್ಕೆ ಹಳೆಯ ಪೇಪರ್, ಹೆಗಲಿಗೆ ಹಳೆಯ ಪಂಚೆ.

ಇನ್ನು ಕೈ. ಬಾಚಣಿಗೆ ಕೂದಲಿಗೆ ಎಷ್ಟು ಮಲಗಿರುತ್ತದೋ ಅಷ್ಟು ಕಡಿಮೆ ಕತ್ತರಿಸುತ್ತದೆ, ನೆಟ್ಟಗೆ ನಿಲ್ಲಿಸಿದರೆ ಅತಿ ಹೆಚ್ಚು. ತಲೆ ಬಾಚುವಾಗ ನಮ್ಮ ಕೈ ತಾನಾಗಿ ಬಾಚಣಿಗೆಯನ್ನು ನೆಟ್ಟಗೆ ಹಿಡಿಯುತ್ತದೆ, ಆ ಅಭ್ಯಾಸವೇ ಇಲ್ಲಿ ಶತ್ರು. ಥಿನ್ನಿಂಗಿಗೆ 30ರಿಂದ 45 ಡಿಗ್ರಿ ಓರೆ ಸಾಕು. ಎರಡು-ಮೂರು ಸೆಂ.ಮೀ. ಅಗಲದ ಒಂದು ಕೂದಲ ಗೊಂಚಲನ್ನು ಬೇರ್ಪಡಿಸಿ, ಎಡಗೈಯ ಎರಡು ಬೆರಳಲ್ಲಿ ತುದಿ ಹಿಡಿದು ಸ್ವಲ್ಪ ಬಿಗಿ ಮಾಡಿ. ಬಾಚಣಿಗೆಯನ್ನು ಬುಡದಿಂದ ಕನಿಷ್ಠ 4-5 ಸೆಂ.ಮೀ. ಬಿಟ್ಟು ಇಟ್ಟು, ತುದಿಯ ಕಡೆಗೆ ಒಂದೇ ಎಳೆತದಲ್ಲಿ ತಂದು ಎತ್ತಿಬಿಡಿ. ಹಿಂದಕ್ಕೂ ಮುಂದಕ್ಕೂ ಗರಗಸದಂತೆ ಆಡಿಸಬಾರದು. ಒಂದು ಗೊಂಚಲಿಗೆ ಎರಡು ಎಳೆತ, ಹೆಚ್ಚೆಂದರೆ ಮೂರು. ಆಮೇಲೆ ಮಾಮೂಲಿ ಬಾಚಣಿಗೆಯಲ್ಲಿ ಬಾಚಿ ಕತ್ತರಿಸಿದ ಕೂದಲು ಉದುರಿಸಿ, ಅನಂತರವೇ ನೋಡಿ. ಉದುರಿಸದೆ ನೋಡಿದರೆ ಏನೂ ಕಡಿಮೆಯಾಗಿಲ್ಲ ಅನ್ನಿಸುತ್ತದೆ, ಮತ್ತೆರಡು ಎಳೆಯುತ್ತೀರಿ, ಬಾಚಿದಾಗ ಇಲಿ ಕಡಿದ ಹಾಗೆ ಆಗಿರುತ್ತದೆ. ಎಡಬದಿಗೆ ಎಷ್ಟು ಎಳೆತ ಹಾಕಿದಿರೋ ಎಣಿಸಿಟ್ಟು ಬಲಬದಿಗೂ ಅಷ್ಟೇ ಹಾಕಿ. ಬಲಗೈಯವರ ಓರೆ ತಲೆಯ ಎಡಬದಿಗೆ ಬಂದಾಗ ತಾನಾಗಿ ಬದಲಾಗುತ್ತದೆ. ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಆಗುವುದಕ್ಕೆ ಬ್ಲೇಡಿಗಿಂತ ಇದೇ ಕಾರಣ.

ಬುಡ ಬಿಡಬೇಕೆಂದದ್ದಕ್ಕೆ ಕಾರಣವಿದೆ. ಬುಡದ ಹತ್ತಿರ ತೆಳು ಮಾಡಿದರೆ ಒಂದೆರಡು ಸೆಂ.ಮೀ. ಉದ್ದದ ಗಿಡ್ಡ ಕೂದಲು ನೆಟ್ಟಗೆ ನಿಂತು ಮೇಲಿನ ಉದ್ದ ಕೂದಲನ್ನು ಎತ್ತಿ ಹಿಡಿಯುತ್ತದೆ. ಉಬ್ಬು ಇಳಿಸಲು ಹೋಗಿ ಉಬ್ಬು ಏರಿಸಿಕೊಂಡಂತೆ. ಬೈತಲೆಯ ಎರಡೂ ಕಡೆ, ನೆತ್ತಿಯ ಸುಳಿ, ಹಣೆಯ ಅಂಚು, ಈ ಮೂರು ಜಾಗಗಳಿಗೆ ಬ್ಲೇಡು ತಾಗಿಸಲೇಬೇಡಿ. ಅಲ್ಲಿ ಗಿಡ್ಡ ಕೂದಲಿಗೆ ಮರೆಯಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂ.ಮೀ. ಬೆಳೆಯುತ್ತದೆ, ಐದು ಸೆಂ.ಮೀ. ತಪ್ಪು ಮುಚ್ಚಿಹೋಗಲು ಐದು ತಿಂಗಳು ಕಾಯಬೇಕು. ಒಂದೇ ಜಾಗಕ್ಕೆ ಮತ್ತೆ ಕೈ ಹಾಕಲು ಆರೆಂಟು ವಾರವಾದರೂ ಬಿಡಿ.

ಕಿವಿಯ ಮೇಲಿನ ಉಬ್ಬಿಗೆ ಇದು ಚೆನ್ನಾಗಿ ಒದಗುತ್ತದೆ. ಕಿವಿಯನ್ನು ಇನ್ನೊಂದು ಕೈಯಲ್ಲಿ ಮಡಚಿ ಹಿಡಿದು, ಮೇಲಿಂದ ಕೆಳಗೆ, ತಲೆಯ ಉಬ್ಬಿಗೆ ತಕ್ಕಂತೆ ಗಿಡ್ಡ ಎಳೆತ. ಹಲ್ಲುಗಳಿವೆ ಎಂಬ ಧೈರ್ಯ ಬೇಡ, ಕಿವಿಯ ಅಂಚು, ನರಹುಲಿ, ಮೊಡವೆಗಳಂತಹ ಎದ್ದುನಿಂತ ಚರ್ಮ ಹಲ್ಲಿನ ಸಂದಿಗೆ ನುಗ್ಗುತ್ತದೆ. ಕತ್ತಿನ ಹಿಂದೆ ಕೂದಲಿನ ಕೊನೆಯ ಎರಡು ಸೆಂ.ಮೀ. ಮಾತ್ರ ತೆಳು ಮಾಡಬಹುದು. ಗೆರೆ ಕೊರೆದಂತಹ ಅಂಚು, ಸಮನಾದ ಕೆನ್ನೆಗೂದಲು ಇದರಿಂದ ಬರುವುದಿಲ್ಲ, ಅದಕ್ಕೆ ಟ್ರಿಮ್ಮರೇ ಬೇಕು.

ಉದ್ದ ಕೂದಲಿನವರಿಗೆ ಒಂದು ಮಾತು. ಕೂದಲನ್ನು ಬಿಟ್ಟುಕೊಂಡೇ ಇರುವವರಾದರೆ ಕೆಳಗಿನ ಮೂರನೇ ಒಂದು ಭಾಗಕ್ಕೆ ಥಿನ್ನಿಂಗ್ ಬದಿ ಆಡಿಸಿದರೆ ಪೊರಕೆಯಂತಹ ದಪ್ಪ ಹೋಗಿ ತುದಿ ಸಲೀಸಾಗಿ ಇಳಿಯುತ್ತದೆ. ಜಡೆ ಹಾಕುವವರಿಗೆ ಇದು ಬೇಡವೇ ಬೇಡ. ನಡುವಲ್ಲಿ ತುಂಡಾದ ಕೂದಲೆಲ್ಲ ಹೆಣಿಗೆಯಿಂದ ಹೊರಗೆ ಚಾಚುತ್ತದೆ, ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಜುಟ್ಟು ಕಟ್ಟಿ ಅದರ ಮೇಲೆ ಬ್ಲೇಡು ಎಳೆಯುವ ವಿಡಿಯೋಗಳು ಬೇಕಾದಷ್ಟಿವೆ. ಜುಟ್ಟಿನ ಹೊರಗಿನ ಕೂದಲು ಮತ್ತೆ ಮತ್ತೆ ಕತ್ತರಿಸಿ ಒಳಗಿನದು ಹಾಗೇ ಉಳಿಯುತ್ತದೆಂದು ಆ ವಿಡಿಯೋದವರು ಹೇಳುವುದಿಲ್ಲ.

ಗುಂಗುರು ಕೂದಲಿಗೂ ಇದು ಆಗಿಬರುವುದಿಲ್ಲ. ಬ್ಲೇಡು ಕೂದಲನ್ನು ಓರೆಯಾಗಿ ಸವರಿ ಚೂಪು ತುದಿ ಮಾಡುತ್ತದೆ. ನೇರ ಕೂದಲಿನಲ್ಲಿ ಆ ಚೂಪು ಮೆದುವಾಗಿ ಕಾಣುತ್ತದೆ, ಗುಂಗುರಿನಲ್ಲಿ ಸುರುಳಿ ಒಡೆದು ಕೆದರುತ್ತದೆ. ಸ್ಟ್ರೇಟ್ನಿಂಗ್, ಬ್ಲೀಚ್ ಮಾಡಿಸಿ ಒಣಗಿದ ಕೂದಲು, ಮೊದಲೇ ತೆಳುವಾದ ಕೂದಲು, ನೆತ್ತಿಯಲ್ಲಿ ಹುಣ್ಣು-ಗಾಯ ಇರುವವರು, ಕುಳಿತಲ್ಲಿ ಕೂರದ ಮಕ್ಕಳು, ಇವರಾರಿಗೂ ಬೇಡ. ಇಂಥವರಿಗೆ (ಮಕ್ಕಳನ್ನು ಬಿಟ್ಟು) ಥಿನ್ನಿಂಗ್ ಕತ್ತರಿ ಹೆಚ್ಚು ಸುರಕ್ಷಿತ. ಅದು ಒಂದು ಬದಿ ಹಲ್ಲಿನ ಕತ್ತರಿ, ಮುಚ್ಚಿದಾಗ ಹಲ್ಲಿನ ಸಂದಿಗೆ ಇಳಿದ ಕೂದಲು ಉಳಿದು, ಮಿಕ್ಕಿದ್ದು ಮೊಟ್ಟಾಗಿ ಕತ್ತರಿಸುತ್ತದೆ. ಬೆಲೆ ಬಾಚಣಿಗೆಯ ನಾಲ್ಕೈದು ಪಟ್ಟು, ಆದರೆ ಕೈ ನಿಂತಾಗ ಕತ್ತರಿಯೂ ನಿಲ್ಲುತ್ತದೆ. ಬಾಚಣಿಗೆಗೆ ಆ ಗುಣವಿಲ್ಲ.

ಮುಗಿದ ಮೇಲೆ ಹೋಳು ಬಿಚ್ಚಿ, ಹಳೆಯ ಟೂತ್‌ಬ್ರಷ್‌ನಿಂದ ಕೂದಲು ತೆಗೆದು, ಬ್ಲೇಡನ್ನು ನೀರಲ್ಲಿ ಜಾಲಾಡಿಸಿ ಬಟ್ಟೆಯ ಮೇಲೆ ಒತ್ತಿ ಒಣಗಿಸಿ. ಉಜ್ಜಿದರೆ ಅಂಚು ಹೋಗುತ್ತದೆ, ಬೆರಳೂ ಹೋಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವ ಉಳಿದರೆ ಸ್ಟೇನ್‌ಲೆಸ್ಸಿಗೂ ಚುಕ್ಕೆ ಬೀಳುತ್ತದೆ. ಮನೆಯಲ್ಲಿ ಇಬ್ಬರು ಬಳಸುವುದಾದರೆ ಬ್ಲೇಡು ಬೇರೆ ಬೇರೆ ಇರಲಿ, ರಕ್ತದಿಂದ ಹರಡುವ ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಬಲ್ಲದು. ಕನ್ನಡಿಯ ಮುಂದೆ ಮಾಮೂಲಿ ಬಾಚಣಿಗೆಗಳ ಡಬ್ಬದಲ್ಲಿ ಇದನ್ನು ಇಡಲೇಬೇಡಿ, ಬೆಳಗಿನ ಅವಸರದಲ್ಲಿ ಯಾರೋ ಎತ್ತಿಕೊಂಡು ತಲೆ ಬಾಚಿಬಿಡುತ್ತಾರೆ. ವಿಮಾನ ಹತ್ತುವವರು ಬ್ಲೇಡು ತೆಗೆದಿಡಬೇಕು, ಇಲ್ಲವೇ ಚೆಕ್‌ಇನ್ ಬ್ಯಾಗಿಗೆ ಹಾಕಬೇಕು. ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಹೋಗುತ್ತದೆ. ಹಳೆಯ ಬ್ಲೇಡುಗಳನ್ನು ಮುಚ್ಚಳಕ್ಕೆ ಸೀಳು ಕೊರೆದ ತಗಡಿನ ಡಬ್ಬಕ್ಕೆ ಹಾಕುತ್ತಾ ಹೋಗಿ, ತುಂಬಿದಾಗ ಸೀಳಿಗೆ ಟೇಪು ಅಂಟಿಸಿ, ‘ಬ್ಲೇಡು’ ಎಂದು ದೊಡ್ಡದಾಗಿ ಬರೆದು ಕಸ ಒಯ್ಯುವವರ ಕೈಗೆ ಬೇರೆಯಾಗಿಯೇ ಕೊಡಿ.