ಒಂದು ಆಟಕ್ಕೆ ಎಂಟು ಕ್ಯಾಸೆಟ್: ಹ್ಯಾಂಡಿಕ್ಯಾಮ್ ಫಾರ್ಮ್ಯಾಟ್‌ಗಳ ಜೊತೆ ನನ್ನ ಇಪ್ಪತ್ತು ವರ್ಷ

ನಮ್ಮ ಅಪ್ಪಯ್ಯ ಯಕ್ಷಗಾನದಲ್ಲಿ ಪದ್ಯ ಹಾಡುವ ಹವ್ಯಾಸಿ ಭಾಗವತರು. ಯಕ್ಷಗಾನ ಪ್ರದರ್ಶನಕ್ಕೆ ನಮ್ಮ ಕಡೆ ಆಟ ಅನ್ನುತ್ತಾರೆ. ಕುಂದಾಪುರ ಸುತ್ತಮುತ್ತ ಹರಕೆ ಆಟ, ಊರಿನ ಆಟ ಅಂತ ಕರೆದಲ್ಲಿ ಹೋಗಿ ಹಾಡುತ್ತಿದ್ದರು. ಅವರ ಪದ್ಯಗಳನ್ನು ಉಳಿಸಿಕೊಳ್ಳಬೇಕು ಅಂತಲೇ 2004ರಲ್ಲಿ ನಾನು ಮೊದಲ ಹ್ಯಾಂಡಿಕ್ಯಾಮ್ ಕೊಂಡೆ. ಅದು ಸಣ್ಣ ಕ್ಯಾಸೆಟ್ ಹಾಕುವ ಮಿನಿ ಡಿವಿ. ಆಮೇಲೆ ಭಾವನ ಕೈಯಿಂದ ಡಿವಿಡಿ ಕ್ಯಾಮೆರಾ ಬಂತು. 2011ರಲ್ಲಿ ಮೆಮೊರಿ ಕಾರ್ಡಿನ ಎವಿಸಿಎಚ್‌ಡಿ ತಗೊಂಡೆ. ಈಗ ಎಲ್ಲರ ಹಾಗೆ ಫೋನ್. ಅಪ್ಪಯ್ಯ ಹೋಗಿ ಎಂಟು ವರ್ಷವಾಯಿತು. ಮನೆಯಲ್ಲಿ ಉಳಿದಿರೋದು ಈ ನಾಲ್ಕು ಬಗೆಯ ರೆಕಾರ್ಡಿಂಗ್‌ಗಳು. ಯಾವುದು ಉಳೀತು, ಯಾವುದು ಕೈ ಕೊಡ್ತು ಅನ್ನೋದು ಈಗ ನನಗೆ ಸರಿಯಾಗಿ ಗೊತ್ತು. ಕೊಂಡ ವಾರದಲ್ಲಿ ಬರೆಯುವ ವಿಮರ್ಶೆಯಲ್ಲಿ ಇದು ಬರೋದಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಿನಿ ಡಿವಿಯಿಂದ ಶುರು ಮಾಡುತ್ತೇನೆ. ನನ್ನ ಹತ್ತಿರ ಜಾಸ್ತಿ ಇರೋದು ಅದೇ. ಡಿವಿ ಫಾರ್ಮ್ಯಾಟ್ ಮಾರುಕಟ್ಟೆಗೆ ಬಂದದ್ದು 1995ರಲ್ಲಿ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಕ್ಯಾಸೆಟ್, ಒಳಗೆ ಕಾಲು ಇಂಚಿನ ಟೇಪು. ಸಾಮಾನ್ಯ ಮೋಡ್‌ನಲ್ಲಿ ಒಂದು ಕ್ಯಾಸೆಟ್‌ಗೆ 60 ನಿಮಿಷ. ರಾತ್ರಿಯಿಡೀ ನಡೆಯುವ ಆಟಕ್ಕೆ ಎಂಟು ಕ್ಯಾಸೆಟ್ ಬೇಕು. ಗಂಟೆಗೊಮ್ಮೆ ಬದಲಾಯಿಸುವಾಗ ಅರ್ಧ ನಿಮಿಷ ಹೋಗುತ್ತದೆ. ಅಪ್ಪಯ್ಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಡುತ್ತಲೇ ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ಬೆಳಿಗ್ಗೆ ಮಂಗಳ ಆದಮೇಲೆ ಅವರ ಮೊದಲ ಪ್ರಶ್ನೆ ಒಂದೇ: "ಮಾಣಿ, ಯಾವ ಪದ್ಯ ತಪ್ಪಿತು?"

ಟೇಪು ನಿಧಾನ ಓಡುವ ಎಲ್‌ಪಿ ಮೋಡ್ ಹಾಕಿದರೆ ಅದೇ ಕ್ಯಾಸೆಟ್‌ನಲ್ಲಿ 90 ನಿಮಿಷ ಸಿಗುತ್ತದೆ. ಚಿತ್ರದ ಗುಣಮಟ್ಟವೂ ಕಮ್ಮಿ ಆಗುವುದಿಲ್ಲ, ಸೆಕೆಂಡಿಗೆ ಅದೇ 25 ಮೆಗಾಬಿಟ್ ಮಾಹಿತಿ. ಟೇಪಿನ ಮೇಲಿನ ಗೆರೆಗಳನ್ನು ಮಾತ್ರ ಇನ್ನೂ ಒತ್ತೊತ್ತಾಗಿ ಬರೆಯುತ್ತದೆ: 10 ಮೈಕ್ರಾನ್ ಇರುವಲ್ಲಿ 6.7 ಮೈಕ್ರಾನ್. ಲಾಭ ಅಂದುಕೊಂಡು ನಾನು ಒಂದಿಷ್ಟು ಕ್ಯಾಸೆಟ್ ಹಾಗೆ ಮಾಡಿದೆ. ದುಡ್ಡು ಉಳೀತು. ಆದರೆ ಮೊದಲ ಕ್ಯಾಮೆರಾ ಕೆಟ್ಟು ಎರಡನೆಯದರಲ್ಲಿ ಹಾಕಿದಾಗ ಆ ಕ್ಯಾಸೆಟ್‌ಗಳು ಸರಿಯಾಗಿ ಓಡಲೇ ಇಲ್ಲ. ಚಿತ್ರ ಚೌಕ ಚೌಕವಾಗಿ ಒಡೆಯಿತು, ದನಿ ತುಂಡಾಯಿತು. ಅಷ್ಟು ಸಣ್ಣ ಗೆರೆಯನ್ನು ಬರೆದ ಕ್ಯಾಮೆರಾವೇ ಚೆನ್ನಾಗಿ ಓದುತ್ತದೆ, ಬೇರೆಯದಕ್ಕೆ ಕಷ್ಟ. ನಿಮ್ಮ ಮನೆಯಲ್ಲಿ ಎಲ್‌ಪಿಯ ಕ್ಯಾಸೆಟ್ ಇದ್ದರೆ, ಅದನ್ನು ತೆಗೆದ ಕ್ಯಾಮೆರಾ ಇನ್ನೂ ಜೀವಂತ ಇದ್ದರೆ, ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ.

ದನಿಯ ವಿಷಯ ಯಾರೂ ಹೇಳೋದಿಲ್ಲ, ನಾನು ಹೇಳಲೇಬೇಕು. ಮಿನಿ ಡಿವಿಯಲ್ಲಿ ಎರಡು ಆಯ್ಕೆ ಇರುತ್ತಿತ್ತು: 12 ಬಿಟ್ ಮತ್ತು 16 ಬಿಟ್. ನನ್ನ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಬರುವಾಗಲೇ 12 ಬಿಟ್‌ನಲ್ಲಿತ್ತು. ಅದರಲ್ಲಿ ದನಿಯನ್ನು 32 ಕಿಲೋಹರ್ಟ್ಸ್‌ನಲ್ಲಿ ಹಿಡಿಯುತ್ತದೆ, 16 ಬಿಟ್‌ನಲ್ಲಿ 48 ಕಿಲೋಹರ್ಟ್ಸ್. ಒಂದು ವರ್ಷ ನಾನು ಮೆನು ತೆರೆದು ನೋಡಿರಲಿಲ್ಲ. ಆ ವರ್ಷದ ಕ್ಯಾಸೆಟ್‌ಗಳಲ್ಲಿ ತಾಳದ ಕಣಕಣ ದನಿ ಮಂಕಾಗಿದೆ, ಮೇಲೊಂದು ಬಟ್ಟೆ ಹೊದಿಸಿದ ಹಾಗೆ. ಬದಲಾಯಿಸಿದ ಮೇಲಿನ ಕ್ಯಾಸೆಟ್‌ಗಳಲ್ಲಿ ತಾಳವೂ ಬಿಡಿಬಿಡಿಯಾಗಿ ಕೇಳುತ್ತದೆ, ಅಪ್ಪಯ್ಯ ಉಸಿರು ಎಳೆಯೋದೂ ಕೇಳುತ್ತದೆ. ಡಿವಿಯಲ್ಲಿ ದನಿಯನ್ನು ಕುಗ್ಗಿಸುವುದಿಲ್ಲ, ಇದ್ದದ್ದು ಇದ್ದ ಹಾಗೆ ಬರೆಯುತ್ತದೆ. ಈ ಒಂದು ಕಾರಣಕ್ಕೆ ಹಾಡುಗಾರಿಕೆಗೆ ಇವತ್ತಿಗೂ ನನಗೆ ಆ 16 ಬಿಟ್ ಕ್ಯಾಸೆಟ್‌ಗಳೇ ಇಷ್ಟ.

ಚಿತ್ರದಲ್ಲಿ ಒಂದು ಕೊರತೆ ಇದೆ. ಡಿವಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಮ್ಮಿ ಇಟ್ಟುಕೊಳ್ಳುತ್ತದೆ. ಮದುವೆ, ಮುಂಜಿಯಲ್ಲಿ ಗೊತ್ತಾಗೋದಿಲ್ಲ. ಯಕ್ಷಗಾನದಲ್ಲಿ ಗೊತ್ತಾಗುತ್ತದೆ. ಕಪ್ಪು ಪರದೆಯ ಮುಂದೆ ಬಣ್ಣದ ವೇಷ ಬಂದು ನಿಂತರೆ ಕೆಂಪು ಬಟ್ಟೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಇನ್ನು ಚಳಿಗಾಲದ ಒಂದು ತೊಂದರೆ. ಇಬ್ಬನಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ವೇಷ ಕಟ್ಟೋದನ್ನು ತೆಗೆಯಲು ಚೌಕಿಯೊಳಗೆ ಒಯ್ದರೆ, ಅಲ್ಲಿನ ಬೆಚ್ಚನೆ ಗಾಳಿಗೆ ಕ್ಯಾಮೆರಾದೊಳಗೆ ಟೇಪನ್ನು ಓದಿ ಬರೆಯುವ ಡ್ರಮ್ ಬೆವರುತ್ತದೆ. ತೇವ ಇದೆ, ಕ್ಯಾಸೆಟ್ ತೆಗೆಯಿರಿ ಅಂತ ಪರದೆಯ ಮೇಲೆ ಬರುತ್ತದೆ, ಕ್ಯಾಮೆರಾ ನಿಂತುಬಿಡುತ್ತದೆ. ಒಮ್ಮೆ ಹೀಗಾಗಿ ಒಂದು ಒಡ್ಡೋಲಗ, ಅಂದರೆ ವೇಷದ ಮೊದಲ ಪ್ರವೇಶದ ಕುಣಿತ, ಪೂರ್ತಿ ಹೋಯಿತು. ಆಮೇಲೆ ನಾನು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗೆ ಒಯ್ದು, ಅದು ಬೆಚ್ಚಗಾಗುವವರೆಗೆ ಕಾದು, ನಂತರ ಬಿಚ್ಚುತ್ತಿದ್ದೆ.

ಕಂಪ್ಯೂಟರಿಗೆ ಇಳಿಸೋದು ತಾಳ್ಮೆಯ ಕೆಲಸ. ಒಂದು ಗಂಟೆಯ ಕ್ಯಾಸೆಟ್ ಇಳಿಯಲು ಒಂದು ಗಂಟೆಯೇ ಬೇಕು. ಕ್ಯಾಮೆರಾದಲ್ಲಿ ಯುಎಸ್‌ಬಿ ತೂತು ಇದೆಯಲ್ಲ ಅಂತ ಅದಕ್ಕೆ ಚುಚ್ಚಿ ಎಷ್ಟೋ ಜನ ಮೋಸಹೋಗುತ್ತಾರೆ. ಹೆಚ್ಚಿನ ಮಿನಿ ಡಿವಿ ಕ್ಯಾಮೆರಾಗಳಲ್ಲಿ ಅದು ಫೋಟೋಗೆ ಅಥವಾ ಕಳಪೆ ವಿಡಿಯೋಗೆ ಮಾತ್ರ. ನಿಜವಾದ ದಾರಿ ಫೈರ್‌ವೈರ್ ಅನ್ನೋ ಬೇರೆ ಕೇಬಲ್. ಕ್ಯಾಮೆರಾ ಕಡೆ ನಾಲ್ಕು ಪಿನ್, ಕಂಪ್ಯೂಟರ್ ಕಾರ್ಡ್ ಕಡೆ ಸಾಮಾನ್ಯವಾಗಿ ಆರು ಪಿನ್. ಟೇಪಿನಲ್ಲಿ ಇರುವ ಡಿಜಿಟಲ್ ಮಾಹಿತಿಯೇ ಹಾಗೇ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಎಂಟು ಕ್ಯಾಸೆಟ್‌ಗೆ ನೂರು ಜಿಬಿ ದಾಟುತ್ತದೆ. ಆಗ ನನ್ನ ಹಾರ್ಡ್‌ಡಿಸ್ಕ್ ಇದ್ದದ್ದೇ 80 ಜಿಬಿ. ಡಿಸ್ಕ್ ಎಫ್‌ಎಟಿ32 ಅನ್ನೋ ಹಳೆಯ ಫೈಲ್ ವ್ಯವಸ್ಥೆಯಲ್ಲಿ ಇದ್ದಾಗ ಇಳಿಕೆ ಸರಿಯಾಗಿ ಹತ್ತೊಂಬತ್ತು ನಿಮಿಷಕ್ಕೆ ನಿಲ್ಲುತ್ತಿತ್ತು. ಕ್ಯಾಸೆಟ್ ಕೆಟ್ಟಿದೆ ಅಂತ ಎಷ್ಟು ದಿನ ಒದ್ದಾಡಿದೆ. ಆಮೇಲೆ ತಿಳೀತು, ಆ ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ.

ಹಾಗಂತ ಕ್ಯಾಸೆಟ್ ಕಮ್ಮಿ ಅಲ್ಲ. ಡಿವಿಯಲ್ಲಿ ಪ್ರತಿ ಫ್ರೇಮ್ ತನ್ನಷ್ಟಕ್ಕೆ ಪೂರ್ತಿ ಚಿತ್ರ. ಸೆಕೆಂಡಿಗೆ 25 ಫೋಟೋ ತೆಗೆದಿಟ್ಟ ಹಾಗೆ. ಟೇಪಿನಲ್ಲಿ ಎಲ್ಲೋ ಒಂದು ಚುಕ್ಕೆ ಹಾಳಾದರೆ ಆ ಫ್ರೇಮಿನಲ್ಲಿ ನಾಲ್ಕು ಚೌಕ ಕಾಣುತ್ತದೆ, ಮುಂದಿನ ಫ್ರೇಮ್ ಸರಿ ಇರುತ್ತದೆ. ಅದೇ ಕ್ಯಾಸೆಟ್‌ಗೆ 2003ರಲ್ಲಿ ಎಚ್‌ಡಿವಿ ಅಂತ ಬಂತು. ನಮ್ಮೂರ ಮದುವೆ ಸ್ಟುಡಿಯೋದ ಗೆಳೆಯ ಅದನ್ನು ವರ್ಷಗಟ್ಟಲೆ ಬಳಸಿದ. ಎಂಪೆಗ್-2ನಲ್ಲಿ ಕುಗ್ಗಿಸಿ ಅದೇ 25 ಮೆಗಾಬಿಟ್‌ನಲ್ಲಿ 1080 ಗೆರೆಯ ಚಿತ್ರ ಹಿಡಿಸುತ್ತಿತ್ತು. ನೋಡಲು ಬಲು ಚೆಂದ. ಆದರೆ ಅದರಲ್ಲಿ ಒಂದು ಫ್ರೇಮ್ ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತಾರೆ. ಅಂಗಡಿ ಲೆಕ್ಕದ ಪುಸ್ತಕದಲ್ಲಿ ಮೇಲೆ ಹೆಸರು ಬರೆದು ಕೆಳಗೆಲ್ಲ "ಸದರಿ" ಅಂತ ಬರೆಯುತ್ತಾರಲ್ಲ, ಹಾಗೆ. ಮೇಲಿನ ಸಾಲು ಅಳಿಸಿಹೋದರೆ ಕೆಳಗಿನ ಸದರಿಗಳಿಗೆ ಅರ್ಥ ಇಲ್ಲ. ಟೇಪಿನಲ್ಲಿ ಒಂದು ಚುಕ್ಕೆ ಹೋದರೆ ಅರ್ಧ ಸೆಕೆಂಡ್ ಚಿತ್ರ ಹೋಗುತ್ತಿತ್ತು. ತಾಳಿ ಕಟ್ಟುವ ಹೊತ್ತಿಗೆ ಹೀಗಾದರೆ ಯಾರಿಗೆ ಹೇಳೋದು, ಅಲ್ವಾ?

ಡಿವಿಡಿ ಕ್ಯಾಮೆರಾ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. 8 ಸೆಂಟಿಮೀಟರಿನ ಪುಟ್ಟ ಡಿಸ್ಕ್, ಒಂದು ಬದಿಗೆ 1.4 ಜಿಬಿ. ಒಳ್ಳೆಯ ಗುಣಮಟ್ಟದಲ್ಲಿ ಇಪ್ಪತ್ತು ನಿಮಿಷ, ಅಷ್ಟೇ. ತೆಗೆದ ಕೂಡಲೇ ಟಿವಿಯಲ್ಲಿ ನೋಡಬಹುದು ಅನ್ನೋದೇ ಇದರ ಆಕರ್ಷಣೆ. ಆದರೆ ಅದಕ್ಕೆ ಮೊದಲು ಡಿಸ್ಕನ್ನು ಕ್ಯಾಮೆರಾದಲ್ಲೇ ಫೈನಲೈಸ್ ಮಾಡಬೇಕು, ಅಂದರೆ ಬರೆದದ್ದನ್ನು ಬೇರೆ ಕಡೆ ಓದುವ ಹಾಗೆ ಮುಗಿಸಬೇಕು. ಮಾಡದೇ ಇದ್ದರೆ ಬೇರೆ ಕಡೆ ಅದು ಖಾಲಿ ಡಿಸ್ಕ್ ಥರ ಕಾಣುತ್ತದೆ. ನಾನು ನಾಲ್ಕು ಡಿಸ್ಕ್ ಹಾಗೇ ಬಿಟ್ಟಿದ್ದೆ, ಮುಂದೆ ಮಾಡಿದರಾಯಿತು ಅಂತ. ಅಷ್ಟರಲ್ಲಿ ಕ್ಯಾಮೆರಾದ ಲೇಸರ್ ಹೋಯಿತು. ಡಿಸ್ಕನ್ನು ನೇರವಾಗಿ ಓದುವ ಸಾಫ್ಟ್‌ವೇರ್ ಹಾಕಿ ಮೂರನ್ನು ಹೇಗೋ ತೆಗೆದೆವು. ನಾಲ್ಕನೆಯದು ಬರಲಿಲ್ಲ. ಅದರಲ್ಲಿ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ ಇತ್ತು. ನಿಮ್ಮಲ್ಲಿ ಇಂಥ ಡಿಸ್ಕ್ ಇದ್ದರೆ ಇವತ್ತೇ ತೆಗೆದು ನೋಡಿ. ಮತ್ತೆ, ಡಿಸ್ಕನ್ನು ಒಳಗೆ ಎಳೆದುಕೊಳ್ಳುವ ಡ್ರೈವ್‌ಗಳಿಗೆ ಈ ಪುಟ್ಟ ಡಿಸ್ಕ್ ಹಾಕಬೇಡಿ, ಸಿಕ್ಕಿಕೊಳ್ಳುತ್ತದೆ. ತಟ್ಟೆ ಹೊರಬರುವ ಡ್ರೈವೇ ಬೇಕು.

ಎವಿಸಿಎಚ್‌ಡಿ ಬಂದ ಮೇಲೆ ಜೀವ ಹಗುರಾಯಿತು. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಸೇರಿ ಪ್ರಕಟಿಸಿದ ಫಾರ್ಮ್ಯಾಟ್ ಇದು. ಚಿತ್ರವನ್ನು ಎಚ್.264 ವಿಧಾನದಲ್ಲಿ, ದನಿಯನ್ನು ಹೆಚ್ಚಾಗಿ ಡಾಲ್ಬಿ ಡಿಜಿಟಲ್‌ನಲ್ಲಿ ಕುಗ್ಗಿಸುತ್ತದೆ. ನಾನು 17 ಮೆಗಾಬಿಟ್‌ನಲ್ಲಿ ತೆಗೆಯುತ್ತಿದ್ದೆ. ಗಂಟೆಗೆ ಎಂಟು ಜಿಬಿಯೊಳಗೆ. 32 ಜಿಬಿಯ ಎರಡು ಕಾರ್ಡ್ ಇದ್ದರೆ ಒಂದು ಇಡೀ ಆಟ. ಡಿವಿಗಿಂತ ಕಮ್ಮಿ ಜಾಗದಲ್ಲಿ ಎಷ್ಟೋ ಪಾಲು ಸ್ಪಷ್ಟ ಚಿತ್ರ. ವೇಷದ ತಲೆಗೆ ಕಟ್ಟುವ ಕೇದಗೆ ಮುಂದಲೆಯ ಒಂದೊಂದು ಎಳೆಯೂ ಕಾಣುತ್ತದೆ. ಆ ರಾತ್ರಿಗಳಲ್ಲಿ ಮೊದಲ ಸಲ ನಾನು ಆಟ ನೋಡುತ್ತಾ ಕೂತೆ, ಗಡಿಯಾರ ನೋಡುತ್ತಾ ಅಲ್ಲ.

ಆಗಿನ ನನ್ನ ಕಂಪ್ಯೂಟರಿಗೆ ಮಾತ್ರ ಇದು ಭಾರ. ಎರಡು ಜಿಬಿ ರ್‍ಯಾಮ್‌ನಲ್ಲಿ ಚಿತ್ರ ತಡವರಿಸುತ್ತಿತ್ತು. ಇವತ್ತಿನ ಯಾವ ಲ್ಯಾಪ್‌ಟಾಪ್‌ಗೂ ಆ ತೊಂದರೆ ಇಲ್ಲ.

ತಪ್ಪು ಮಾಡಿದ್ದು ನಾನು. ಕಾರ್ಡ್ ತೆರೆದರೆ ಎಷ್ಟೊಂದು ಫೋಲ್ಡರ್. ಒಳಗೆ ಸ್ಟ್ರೀಮ್ ಅನ್ನೋ ಫೋಲ್ಡರಿನಲ್ಲಿ ಎಂಟಿಎಸ್ ಫೈಲ್‌ಗಳು, ಹೆಸರು 00000, 00001 ಹೀಗೆ. ಸುಮ್ನೆ ಅವನ್ನಷ್ಟೇ ಎಳೆದು ಒಂದು ಕಡೆ ಹಾಕಿದೆ. ಎರಡನೇ ಕಾರ್ಡಿನಲ್ಲೂ ಹೆಸರು 00000ದಿಂದಲೇ ಶುರು. ಹಳೆಯದರ ಮೇಲೆ ಬರೆಯಲೇ ಅಂತ ಕಂಪ್ಯೂಟರ್ ಕೇಳಿತು. ಬೆಳಗಿನ ನಿದ್ದೆಗಣ್ಣಲ್ಲಿ ಹೂಂ ಅಂದೆ. ಮೊದಲ ಕಾರ್ಡನ್ನು ಅಳಿಸಿಯೂ ಆಗಿತ್ತು. ಆ ಆಟದ ಮೊದಲ ನಾಲ್ಕು ಗಂಟೆ ಹಾಗೆ ಹೋಯಿತು. ಅಪ್ಪಯ್ಯ ಬೈಯಲಿಲ್ಲ. "ಇನ್ನೊಂದು ಆಟ ಇದ್ದೇ ಇರುತ್ತದಲ್ಲ" ಅಂದರು. ಅದು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಆಮೇಲಿಂದ ಒಂದೊಂದು ಕಾರ್ಡಿಗೂ ತಾರೀಖು, ಊರಿನ ಹೆಸರು ಹಾಕಿದ ಬೇರೆ ಫೋಲ್ಡರ್ ಮಾಡಿ, ಕಾರ್ಡಿನಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೇ ಇಳಿಸುತ್ತೇನೆ. ಇದಕ್ಕೆ ಇನ್ನೊಂದು ಕಾರಣ ಇದೆ. ನಿಲ್ಲಿಸದೆ ತೆಗೆದರೂ ಕ್ಯಾಮೆರಾ ಅದನ್ನು ತುಂಡು ಮಾಡಿ ಬರೆಯುತ್ತದೆ, ಕೆಲವು 2 ಜಿಬಿಗೆ, ಕೆಲವು 4 ಜಿಬಿಗೆ. ಆ ತುಂಡುಗಳನ್ನು ಎಡಿಟಿಂಗ್‌ನಲ್ಲಿ ಸಾಲಾಗಿ ಇಟ್ಟರೆ ಕೂಡುವಲ್ಲಿ ದನಿ ಚೂರು ತಪ್ಪುತ್ತದೆ. ಆಲಾಪದ ನಡುವೆ ಒಂದು ಎಳೆ ಕಡಿದ ಹಾಗೆ. ಯಾವ ತುಂಡಿನ ಮುಂದೆ ಯಾವುದು ಅನ್ನೋ ಲೆಕ್ಕ ಉಳಿದ ಫೋಲ್ಡರುಗಳಲ್ಲಿರುತ್ತದೆ. ಕ್ಯಾಮೆರಾ ಜೊತೆ ಬರುವ ಸಾಫ್ಟ್‌ವೇರ್‌ನಿಂದ ಇಳಿಸಿದರೆ ಅದೇ ನೋಡಿ ಸರಿಯಾಗಿ ಕೂಡಿಸುತ್ತದೆ.

ಹಳೆಯದನ್ನು ಈಗಿನ ಟಿವಿಗೆ ತಯಾರು ಮಾಡುವಾಗ ಒಂದು ಎಚ್ಚರ ಬೇಕು. ನನ್ನ ಡಿವಿಯೂ ಎವಿಸಿಎಚ್‌ಡಿಯೂ ಇಂಟರ್‌ಲೇಸ್ಡ್. ಅಂದರೆ ಒಂದು ಫ್ರೇಮಿನಲ್ಲಿ ಎರಡು ಕ್ಷಣದ ಚಿತ್ರ, ಒಂದರ ಗೆರೆ ಬಿಟ್ಟು ಇನ್ನೊಂದರ ಗೆರೆ. ಅದಕ್ಕೇ ಕಂಪ್ಯೂಟರಿನಲ್ಲಿ ಚೆಂಡೆ ಕೋಲು ಮೇಲೆದ್ದಾಗ ಬಾಚಣಿಗೆ ಹಲ್ಲಿನ ಥರ ಕಾಣೋದು. ಡಿವಿಯಲ್ಲಿ ಕೆಳಗಿನ ಗೆರೆ ಮೊದಲು, ಎವಿಸಿಎಚ್‌ಡಿಯಲ್ಲಿ ಮೇಲಿನದು ಮೊದಲು. ಎರಡನ್ನೂ ಒಂದೇ ಟೈಮ್‌ಲೈನಿನಲ್ಲಿ ಹಾಕಿ ಇದನ್ನು ಸರಿಯಾಗಿ ಹೇಳದಿದ್ದರೆ ಕುಣಿತ ಹಿಂದೆ ಮುಂದೆ ನಡುಗುತ್ತದೆ. ಇಂಟರ್‌ಲೇಸ್ ತೆಗೆಯುವಾಗ ಸೆಕೆಂಡಿಗೆ 50 ಫ್ರೇಮ್ ಆಗುವ ಹಾಗೆ ಮಾಡಿ, 25 ಬೇಡ. ಗಿರಕಿ ಹೊಡೆದು ಧಿಂಗಣ ಹಾಕುವಾಗಿನ ಓಟ ಆಗಲೇ ನಿಜವಾಗಿ ಕಾಣೋದು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಅಮೆರಿಕದಲ್ಲಿರುವ ಅಕ್ಕ ಒಮ್ಮೆ ಅಲ್ಲಿಂದ ಕ್ಯಾಮೆರಾ ತಂದಿದ್ದಳು. ಅದು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯದು, ನಮ್ಮದು ಪಾಲ್ ಪದ್ಧತಿ. ಅವಳ ಕ್ಯಾಸೆಟ್ ನನ್ನ ಕ್ಯಾಮೆರಾದಲ್ಲಿ ಓಡಲಿಲ್ಲ. ನಮ್ಮ ಟ್ಯೂಬ್‌ಲೈಟ್ ಅಡಿಯಲ್ಲಿ ಅವಳು ತೆಗೆದದ್ದೆಲ್ಲ ಮಿಣುಕುತ್ತಿತ್ತು, ಇಲ್ಲಿನ ಕರೆಂಟು 50 ಹರ್ಟ್ಸ್ ಆದ್ದರಿಂದ. ಫೋನಿನ ಬಗ್ಗೆ ಒಂದೇ ಮಾತು: ಎಷ್ಟೋ ಫೋನ್‌ಗಳು ಬೆಳಕಿಗೆ ತಕ್ಕ ಹಾಗೆ ಫ್ರೇಮ್ ವೇಗ ಬದಲಾಯಿಸುತ್ತವೆ. ಅದರಿಂದ ಎಡಿಟಿಂಗ್‌ನಲ್ಲಿ ಹೋಗ್ತಾ ಹೋಗ್ತಾ ತುಟಿಗೂ ದನಿಗೂ ಹೊಂದದೇ ಹೋಗಬಹುದು. ಮೊದಲೇ ಒಂದೇ ವೇಗಕ್ಕೆ ಬದಲಾಯಿಸಿಕೊಂಡರೆ ಸರಿ.

ಈಗ ಕ್ಯಾಸೆಟ್‌ಗಳ ಸ್ಥಿತಿ ಹೇಳುತ್ತೇನೆ. ಅಪ್ಪಯ್ಯ ಹೋದ ಮೇಲೆ ಊರಿನ ಮನೆಯ ಬೀರು ತೆಗೆದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಅರವತ್ತಮೂರು ಕ್ಯಾಸೆಟ್. ಪ್ರತಿಯೊಂದರ ಮೇಲೂ ಅವರದೇ ಅಕ್ಷರದಲ್ಲಿ ಪ್ರಸಂಗದ ಹೆಸರು. ಕ್ಯಾಸೆಟ್‌ನ ಸಣ್ಣ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಕೆಲವದರ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ, ಕೊಬ್ಬರಿಗೆ ಹಿಡಿಯುವ ಬೂಷ್ಟಿನ ಹಾಗೆ. ನಮ್ಮ ಕಡೆಯ ಮಳೆಗಾಲ ಮಾಡಿದ ಕೆಲಸ ಇದು. ಒಂದನ್ನು ನೋಡದೇ ಕ್ಯಾಮೆರಾಕ್ಕೆ ಹಾಕಿಬಿಟ್ಟೆ. ಟೇಪು ಓದುವ ಹೆಡ್ ಮುಚ್ಚಿಹೋಗಿ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ ಕೂಡ ಚೌಕ ಚೌಕ. ಕ್ಲೀನಿಂಗ್ ಕ್ಯಾಸೆಟ್ ಹತ್ತು ಹತ್ತು ಸೆಕೆಂಡ್ ಓಡಿಸಿ ಸರಿಪಡಿಸಿದೆ. ಬೂಷ್ಟು ಕಂಡ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಹಾಗೇ ಹಾಕಬೇಡಿ. ಬೂಷ್ಟು ತೆಗೆದುಕೊಡುವವರು ಬೆಂಗಳೂರಿನಲ್ಲಿ ಸಿಕ್ಕರು. ಅವರು ಕ್ಯಾಸೆಟ್ ಬಿಚ್ಚಿ, ಟೇಪನ್ನು ಒಣಗಿಸಿ ಒರೆಸಿ, ಬೇರೆ ಕವಚಕ್ಕೆ ಸುತ್ತಿ ಕೊಡುತ್ತಾರೆ.

ಬೂಷ್ಟು ಹಿಡಿಯದ ನಲವತ್ತೊಂಬತ್ತು ಕ್ಯಾಸೆಟ್ ಕಂಪ್ಯೂಟರಿಗೆ ಇಳಿದಿವೆ, ಎರಡು ಹಾರ್ಡ್‌ಡಿಸ್ಕ್‌ನಲ್ಲಿ. ಒಂದು ನನ್ನ ಹತ್ತಿರ, ಒಂದು ಅಕ್ಕನ ಮನೆಯಲ್ಲಿ. ಬೂಷ್ಟು ಹಿಡಿದ ಹದಿನಾಲ್ಕರಲ್ಲಿ ಮೂರು ವಾಪಸ್ ಬಂದಿವೆ, ಮೂರೂ ಓಡಿದವು. ಉಳಿದ ಹನ್ನೊಂದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈ ಮಳೆಗಾಲ ಶುರುವಾಗುವ ಮೊದಲು ಅವನ್ನೂ ಬೆಂಗಳೂರಿಗೆ ಒಯ್ಯಬೇಕು. ಅದರಲ್ಲೊಂದರ ಮೇಲೆ ಅಪ್ಪಯ್ಯ ಪೆನ್ಸಿಲ್‌ನಲ್ಲಿ "ಬೆಳಗಿನ ಪದ್ಯ, ಇದು ಚೆನ್ನಾಗಿ ಬಂದಿದೆ" ಅಂತ ಬರೆದಿದ್ದಾರೆ. ಮೊದಲು ಅದನ್ನೇ ಕೊಡುತ್ತೇನೆ.